ಟವೆಲ್ಲಿನೊಳಗೆ ಕುದುರಿದ ಬಾಗಿಲು

೧೯೯೮ರ ಬೇಸಿಗೆಯಲ್ಲಿ ಹರಿಹರದಲ್ಲಿ ಗಣಿತವನ್ನು ಜೀವನದೊಳಕ್ಕೆ ಇಳಿಸಲಾಯಿತು. ಶಾಲಾ ಮಕ್ಕಳೂ ಕಾರ್ಖಾನೆಯ ಕಾರ್ಮಿಕರೂ ಒಂದೇ ತಂಡದಲ್ಲಿ ಕುಳಿತು, ಕಣ್ಣೆದುರಿನ ವಸ್ತುಗಳನ್ನು ಅಳೆದು, ಕೂಡಿ ಕಲಿಯತಕ್ಕದ್ದೆಂದು ಜೀವನ ಗಣಿತ ಸಮಿತಿ ಪ್ರಕಟಿಸಿತು. ದಾವಣಗೆರೆಯ ಮಂಡಿಯಲ್ಲಿ ಹಿರಿಯ ದಲಾಲರಾದ ಬಕ್ಕೇಶಪ್ಪನವರು ಅಧ್ಯಕ್ಷರಾದರು. ಅವರಷ್ಟು ಗಾತ್ರದ ವ್ಯಕ್ತಿ ಸಮಿತಿಯಲ್ಲಿ ಇನ್ನೊಬ್ಬರಿರಲಿಲ್ಲ.

ಒಬ್ಬೊಬ್ಬರದು ಒಂದೊಂದು ಉತ್ತರ ಬಂದರೆ ಏನು ಗತಿ ಎಂಬುದನ್ನು ಅಧ್ಯಕ್ಷರು ಮಂಡಿಯ ಪದ್ಧತಿಯಿಂದಲೇ ಬಗೆಹರಿಸಿದರು. ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ದರ ಕುದುರಿಸುವಂತೆ ಉತ್ತರವನ್ನೂ ಕುದುರಿಸತಕ್ಕದ್ದು, ಕುದುರಿದ್ದೇ ಸರಿಯುತ್ತರ, ಆಮೇಲೆ ತಪ್ಪೆಂದು ಕಂಡುಬಂದಲ್ಲಿ ಪ್ರಮಾಣಪತ್ರಗಳೂ ರದ್ದು, ಸಮಿತಿಯೂ ರದ್ದು. ಕಾರ್ಯದರ್ಶಿಯಾದ ನನಗೆ ಈ ನಿಯಮ ಬಹಳ ಹಿಡಿಸಿತು.

ಗುತ್ತೂರಿನ ಚೌಡವ್ವ ಕಾರ್ಖಾನೆಯೊಂದರಲ್ಲಿ ಬಹಳ ವರ್ಷಗಳಿಂದ ಹಂಗಾಮಿ ಕೆಲಸಗಾರ್ತಿ. ಈ ಪ್ರಮಾಣಪತ್ರ ತಂದರೆ ಕೆಲಸ ಕಾಯಂ ಎಂದು ಮ್ಯಾನೇಜರು ಹೇಳಿದ್ದರು. ಅವಳ ತಂಡಕ್ಕೆ ಕೊನೆಯ ಪರೀಕ್ಷೆಯಾಗಿ ಬಂದದ್ದು ಸಮಿತಿಯ ಹೊಸ ಕೊಠಡಿಗೆ ಬಾಗಿಲು ಕೂರಿಸಲು ಬಿಟ್ಟಿದ್ದ ಜಾಗ.

"ನಾಲ್ಕಡಿ ಅಗಲ ಐತ್ರಿ," ಎಂದಳು ತಂಡದಲ್ಲಿದ್ದ ಹೈಸ್ಕೂಲ್ ಹುಡುಗಿ ಸಹನಾ, ಟೇಪ್ ಹಿಡಿದು.

"ಟೇಪು ಹೇಳಿದ್ದು ಒಬ್ಬರ ಮಾತಮ್ಮ. ಇದು ಕೂಡಿ ಕಲಿಯೋದು," ಎಂದು ಅಧ್ಯಕ್ಷರು ಟವೆಲ್ ಬಿಚ್ಚಿದರು. ಅವರ ಗೋದಾಮಿನಲ್ಲಿ ಒಂದಡಿ ಅಗಲದ ಹಲಗೆಗಳು ಬಿದ್ದಿದ್ದವು. ಅವನ್ನೇ ಬಾಗಿಲಿಗೆ ಕೊಳ್ಳಲು ಸಮಿತಿ ಒಪ್ಪಿತ್ತು. ಟವೆಲ್ಲಿನೊಳಗೆ ಬೆರಳುಗಳು ಬಹಳ ಹೊತ್ತು ಜಗ್ಗಾಡಿದವು. ಕೊನೆಗೆ ಒಂದಡಿಗೆ ಕುದುರಿತು.

"ನಿಂಗೆ ಒಪ್ಪಿಗೇನವ್ವಾ?" ಎಂದು ಕೇಳಿದರು ಅಧ್ಯಕ್ಷರು.

"ಕೆಲಸ ಕಾಯಂ ಆಗ್ತೈತಲ್ರೀ, ನಂದೇನ್ ತಕರಾರಿಲ್ಲ," ಎಂದಳು ಚೌಡವ್ವ.

ಬಡಗಿ ಮಕ್ತುಮ್ ಸಾಬ್ ಒಂದಡಿಯ ಚೌಕಟ್ಟು ತಂದು ನಿಲ್ಲಿಸಿದ. ಉಳಿದ ಜಾಗಕ್ಕೆ ಇಟ್ಟಿಗೆ ಕಟ್ಟಲಾಯಿತು. ಕೆಲಸ ಕಳಪೆಯಾಗದಿರಲೆಂದು ಅಧ್ಯಕ್ಷರು ಒಳಗೇ ಕುರ್ಚಿ ಹಾಕಿಕೊಂಡು, ಮಂಡಕ್ಕಿ ಮಿರ್ಚಿ ತಿನ್ನುತ್ತ ಉಸ್ತುವಾರಿ ನೋಡಿದರು. ಸಿಮೆಂಟು ಬಿಗಿದ ಮೇಲೆ ಮನೆಗೆ ಹೊರಟರು. ಬಲಗೈ ಸಲೀಸಾಗಿ ಹೊರಗೆ ಬಂತು.

"ಗ್ವಾಡೆ ಒಡೀಲೇನ್ರಿ ಸಾವ್ಕಾರ್ರೆ?" ಮಕ್ತುಮ್ ಸಾಬ್ ಸುತ್ತಿಗೆ ಎತ್ತಿದ.

ಚೌಡವ್ವ ಓಡಿಬಂದು ಅಡ್ಡ ನಿಂತಳು. "ಬ್ಯಾಡಣ್ಣಾ! ಒಡೆದ್ರೆ ಉತ್ತರ ತಪ್ಪು ಅಂದಂಗಾತು. ನನ್ ಕೆಲಸ ಹೋತು!"

"ಮುಟ್ಟಬ್ಯಾಡೋ!" ಎಂದು ಒಳಗಿನಿಂದ ಅಧ್ಯಕ್ಷರೂ ಕೂಗಿದರು. "ಸಮಿತಿನೇ ಹೋದ್ರೆ ನಾನ್ ಯಾತರ ಅಧ್ಯಕ್ಷ?"

ತುರ್ತು ಸಭೆ ಸೇರಿತು. ಬಾಗಿಲ ಸಂದಿಗೆ ಟವೆಲ್ ಇಳಿಬಿಟ್ಟು ಮತ್ತೆ ಬೆರಳು ಹಿಡಿಯಲಾಯಿತು. ಅಧ್ಯಕ್ಷರು ಈಗಾಗಲೇ ಹೊರಗಿದ್ದಾರೆ, ಉಳಿದ ಹರಿಹರವೆಲ್ಲ ಒಳಗಿದೆ ಎಂದು ಕುದುರಿತು. ಸಹನಾ ಬಾಯಿಗೆ ಟೇಪ್ ಅಡ್ಡ ಹಿಡಿದು ನಗು ತಡೆದುಕೊಂಡಳು, ಆಮೇಲೆ ಅವಳೂ ಬೆರಳು ಕೊಟ್ಟಳು.

ಅದೇ ಸಂದಿಯಿಂದ ಅಧ್ಯಕ್ಷರು ಸಹಿ ಹಾಕಿದ ಪ್ರಮಾಣಪತ್ರ ಚಾಚಿದರು. ಮರುದಿನವೇ ಚೌಡವ್ವನ ಕೆಲಸ ಕಾಯಂ ಆಯಿತು. ನಮಗೆಲ್ಲ ಬಹಳ ಸಂತೋಷವಾಯಿತು.

ಅಂದೇ ಮಧ್ಯಾಹ್ನ ಅಧ್ಯಕ್ಷರ ಧರ್ಮಪತ್ನಿ ಅನ್ನಪೂರ್ಣಮ್ಮನವರು ಊಟದ ಕ್ಯಾರಿಯರ್ ಹಿಡಿದು ಬಂದರು. ಸಭೆಯ ನಿರ್ಣಯವನ್ನು ನಾನು ಓದಿ ಹೇಳಿದೆ. ಅವರು ತಲೆಯಾಡಿಸಿ, ಸಂದಿಗೆ ಮುಖ ಕೊಟ್ಟು ಕರೆದರು:

"ಹೊರಗ್ಯಾಕ ಕುಂತೀರಿ? ಒಳಗ್ ಬರ್ರಿ, ಊಟ ಆರ್ತೈತೆ."

"ಇರ್ಲಿ ಬಿಡು," ಎಂದರು ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ. "ಹೊರಗೆ ಗಾಳಿ ಚೆನ್ನಾಗೈತೆ."