ಸವಾರಿಗೊಂದು ಕಾಲುಪಟ್ಟಿ

ಫಟಫಟಿಗೆ ಲೋಡು-ದಿಂಬು ಹಾಕಿಸಿದ ಮನುಷ್ಯ ನಿಜಾಮರ ಇಡೀ ರಾಜ್ಯದಲ್ಲಿ ಒಬ್ಬರೇ ಇದ್ದರು. ಅವರು ಬೇರೆಲ್ಲೂ ಇರದೆ ನಮ್ಮ ಮನೆಯಲ್ಲೇ ಇದ್ದರು! ನಮ್ಮಪ್ಪನ ತಮ್ಮ, ನನಗೆ ಕಾಕಾ, ನಾರಾಯಣಪೇಟೆ ಬಜಾರಿನಲ್ಲಿ ಸೀರೆ ವ್ಯಾಪಾರಿ.

ನನಗಾಗ ದಿನಚರಿ ಬರೆಯುವ ಚಟ. ಪ್ರತಿ ಸಂಜೆ ತಾರೀಖು ಹಾಕಿ, ನಡುವೆ ಗೆರೆ ಎಳೆದು, ಎಡಕ್ಕೆ ‘ನಡೆದದ್ದು’, ಬಲಕ್ಕೆ ‘ಕಾರಣ’ ಎಂದು ಬರೆಯುತ್ತಿದ್ದೆ. ವಿಲಾಯತಿಗೆ ಹೊರಟಿದ್ದ ಯಾರೋ ಬಿಳಿ ದೊರೆಯ ಹಳೆಯ ಮೋಟರ್ ಸೈಕಲ್ಲನ್ನು, ಅದೇ ಈ ಫಟಫಟಿಯನ್ನು, ಕಾಕಾ ರಾಯಚೂರಿನಿಂದ ತಂದರು ನೋಡಿ, ಅಂದಿನಿಂದ ನನ್ನ ಬಲಗಡೆ ಖಾಲಿ ಬೀಳತೊಡಗಿತು.

ಮನೆಯಲ್ಲಿ ಇದ್ದ ಕೊರಗೇ ಬೇರೆ. ಕಾಕಾನ ಹೆಂಡತಿ, ನಮ್ಮ ಚಿಗವ್ವನ ಬಲ ಮೊಣಕಾಲು ವಾತಕ್ಕೆ ಸಿಕ್ಕು ಮಡಚದಂತಾಗಿತ್ತು. ಅವಳ ತವರು ಗದ್ವಾಲ. ಅಲ್ಲಿ ಅವಳ ತಾಯಿಗೆ ಕಣ್ಣು ಮಂಜಾಗುತ್ತ ಬಂದಿದ್ದವು. ‘ಪೂರಾ ಹೋಗೂದ್ರಾಗ ಮಗಳ ಮಾರಿ ಒಮ್ಮೆ ನೋಡಬೇಕು’ ಎಂದು ಮುದುಕಿ ಬಂದವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಿದ್ದಳು. ಆದರೆ ಹಿಂದಿನ ಸಲ ಚಿಗವ್ವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಕರೆದೊಯ್ದಾಗ, ತವರಿನ ಓಣಿಯ ಹೆಂಗಸರು ಗಾಡಿಯೊಳಗೆ ಇಣುಕಿ, “ಅಯ್ಯಯ್ಯ, ಜೀವ ಐತೇನ?” ಎಂದು ಕೇಳಿದ್ದರಂತೆ. ಅಂದಿನಿಂದ ಅವಳದು ಒಂದೇ ಹಟ: “ಹೋದ್ರ ಕುಂತು ಹೋಗ್ತೀನಿ. ಹೇರಿನಂಗ ಮಲಗಿ ಹೋಗಾಕ ನಾ ಒಲ್ಲೆ.”

ಇಂಥ ಹೊತ್ತಿನಲ್ಲಿ ಕಾಕಾನಿಗೆ ಫಟಫಟಿಯ ಶೃಂಗಾರ! ಮೊದಲು ನಮ್ಮಜ್ಜನ ಹಸಿಬಿ ಚೀಲವನ್ನು ಅಟ್ಟದಿಂದ ಇಳಿಸಿದರು. ಅಜ್ಜ ಅದನ್ನು ಕುದುರೆಯ ಬೆನ್ನಿಗೆ ಆಚೆ-ಈಚೆ ಜೋತುಬಿಟ್ಟು ಸೀರೆ ಮಾರಲು ಊರೂರು ತಿರುಗಿದ್ದರು. ಈಗ ಅದು ಫಟಫಟಿಯ ಬೆನ್ನೇರಿತು. ಸರಿ, ಸಾಮಾನಿಗೆ ಅನುಕೂಲ ಅಂದುಕೊಂಡೆ. ಕಾಕಾ ಬಲಗಡೆಯ ಚೀಲಕ್ಕೆ ಮಾತ್ರ ಕಲ್ಲು ತುಂಬಿದರು. ಎಡಗಡೆಯದು ಖಾಲಿ!

“ಕಾಕಾ, ಕಲ್ಲು ಯಾಕ್ರಿ?”

“ತೂಕಕ್ಕ.”

“ಯಾರ ತೂಕಕ್ಕ?”

“ಸವಾರಿದು.”

ಬಲಗಡೆಯ ಖಾನೆಯಲ್ಲಿ ಏನು ಬರೆಯಲಿ, ಹೇಳಿ?

ಆಮೇಲೆ ಕಂಬಾರ ಮೌನಪ್ಪನ ಕುಲುಮೆ. ಹಿಂದಿನ ಸೀಟನ್ನು ಎಡಕ್ಕೆ ಓರೆಯಾಗಿ ಕೂರಿಸಿ, ಬೆನ್ನಿಗೆ ದಿಂಬು ಕಟ್ಟಬೇಕು. ಎಡಗಾಲಿಗೆ ಕೆಳಗೊಂದು ಪಟ್ಟಿ. ಬಲಗಾಲಿಗೆ ಮಾತ್ರ ಉದ್ದನೆಯ ಕಬ್ಬಿಣದ ಪಟ್ಟಿ, ಮುಂದಿನ ಗಾಲಿಯ ಹತ್ತಿರದವರೆಗೆ ಚಾಚಿರಬೇಕು, ಅದರ ತುದಿಗೆ ಅರಳೆಯ ಮೆತ್ತೆ ಬೇರೆ! ಮೌನಪ್ಪ ಸುತ್ತಿಗೆ ಕೆಳಗಿಟ್ಟ.

“ಒಂದ್ ಕಾಲು ಇಲ್ಲಿ, ಇನ್ನೊಂದು ಮಕ್ತಲದಾಗ. ನಿಮ್ಮ ಸವಾರಿ ಕುಂದ್ರತೈತೋ ಕುಣೀತೈತೋ, ಸಾವ್ಕಾರ್ರೇ?”

“ನೀ ಬಡಿ. ಕುಂದ್ರೂದು ಸವಾರಿ ನೋಡ್ಕೋತೈತಿ.”

ಪಟ್ಟಿ ಸಿದ್ಧವಾದ ಮೇಲೆ ಓಣಿಯವರೆಲ್ಲ ಒಬ್ಬೊಬ್ಬರಾಗಿ ಹತ್ತಿ ಕೂತು ನೋಡಿದರು. ಮೊಣಕಾಲು ಮಡಚಿ ಕೂತ ಎಲ್ಲರ ಬಲಗಾಲೂ ಗಾಳಿಯಲ್ಲಿ ತೂಗಾಡಿತು. ನಾನೂ ಕೂತೆ. ಮೆತ್ತೆ ಮುಟ್ಟಲು ಹೋಗಿ ಜಾರಿ ಬಿದ್ದೆ. ಆ ಸಂಜೆ ‘ನಡೆದದ್ದು: ಬಿದ್ದೆ’ ಎಂದಷ್ಟೇ ಬರೆದೆ.

ಈಗ ‘ಸವಾರಿ’ ಎಂಬ ಮಾತು ಕುಲುಮೆಯಿಂದ ಹೊರಬಿತ್ತು. ಬಾಡಿಗೆ ಗಾಡಿಯಲ್ಲಿ ಕೂತವನೂ ಸವಾರಿಯೇ, ಡೊಳ್ಳು-ಛತ್ರಿಗಳೊಂದಿಗೆ ಬರುವ ದೊಡ್ಡ ಸಾಹೇಬನೂ ಸವಾರಿಯೇ. ನಮ್ಮ ಊರಿಗೆ ಯಾವುದು ಹೊಳೆಯಬೇಕು? ಯಾರ ಸವಾರಿ ಎಂದು ಕೇಳಲು ಚಾವಡಿಯ ಜವಾನ ಅಂಗಡಿಗೇ ಬಂದ.

“ಕಿಸ್ಕಿ ಸವಾರಿ ಹೈ, ಸಾವ್ಕಾರ್?”

“ಬಹುತ್ ಬಡೀ ಸವಾರಿ ಹೈ,” ಎಂದರು ಕಾಕಾ, ಗಂಭೀರವಾಗಿ.

ಬಹಳ ದೊಡ್ಡ ಸವಾರಿಯಂತೆ, ಮುಗಿಯಿತು! ಹೈದರಾಬಾದಿನಿಂದ ಯಾರೋ ಒಬ್ಬ ಕುಂಟ ನವಾಬರು ಬರುತ್ತಾರೆ ಎಂದು ಒಬ್ಬ, ಅವರಿಗೆ ಒಂದು ಕಾಲು ಇನ್ನೊಂದಕ್ಕಿಂತ ಒಂದು ಮೊಳ ಉದ್ದ ಎಂದು ಇನ್ನೊಬ್ಬ.

ನಾನು ನಂಬಲಿಲ್ಲ. ನಂಬದೆ ಏನು ಲಾಭ? ಮರುದಿನ ಸೈಕಲ್ ಮೇಲೆ ಉಟ್ಕೂರಿನ ದಾರಿ ಹಿಡಿದಿದ್ದೆ. ಎದುರಿಗೆ ಕಾಕಾನ ಫಟಫಟಿ. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಒಂದು ಸೇಂಗಾ ಚೀಲ! ಕಾಕಾ ಅದರೊಡನೆ ಮಾತಾಡುತ್ತಿದ್ದರು: “ತೆಗ್ಗು ಬಂತು, ಗಟ್ಟಿ ಹಿಡ್ಕೋ.” ಚೀಲ ಹಿಡಿದುಕೊಳ್ಳಲಿಲ್ಲ. ದೊಪ್ಪೆಂದು ಬಿತ್ತು. ಕಾಕಾ ಓಡಿ ಬಂದು ಅದನ್ನು ಎಬ್ಬಿಸಿ ಕೂರಿಸಿ, ಧೂಳು ಕೊಡವಿ, “ಪೆಟ್ಟಾತೇನ?” ಎಂದು ಕೇಳಿದರು. ನಾನು ಸೈಕಲ್ ತಿರುಗಿಸಿ ಸೀದಾ ಮನೆಗೆ ಬಂದೆ. ಯಾರಿಗೆ ಹೇಳುವುದು? ಚಿಗವ್ವನಿಗೇ? “ನಿನ್ನ ಗಂಡ ಸೇಂಗಾಕ್ಕ ಉಪಚಾರ ಮಾಡಾಕ ಹತ್ಯಾರ” ಎಂದು?

ಸವಾರಿ ಹೊರಡುವ ದಿನ ಬಂತು. ಓಣಿಯವರು ಕಸ ಗುಡಿಸಿ ನೀರು ಹೊಡೆದಿದ್ದರು. ಜವಾನ ರುಮಾಲು ಸುತ್ತಿ, ಪಟ್ಟಾ ಕಟ್ಟಿ, ನಮ್ಮ ಬಾಗಿಲ ಮುಂದೆ ನೆಟ್ಟಗೆ ನಿಂತಿದ್ದ. ಕಾಕಾ ಫಟಫಟಿಯನ್ನು ಕಟ್ಟೆಗೆ ಒತ್ತಿ ನಿಲ್ಲಿಸಿ ಒಳಗೆ ಹೋದರು. ಚಿಗವ್ವನ ಕೈ ಹಿಡಿದು ಹೊರಗೆ ಬಂದರು.

“ಗದ್ವಾಲಕ್ಕ. ಕುಂದ್ರು.”

“ಇದರ ಮ್ಯಾಲೇನ್ರಿ? ಮಂದಿ ನಗ್ತಾರ!”

“ಅವರು ಆಗಲೇ ನಕ್ಕಾರ. ನಗೂದೆಲ್ಲಾ ಮುಗದೈತಿ, ಬಾ.”

ಕಟ್ಟೆಯ ಮೇಲಿಂದ ಅವಳು ಸೀಟಿಗೆ ಸರಿದಳು. ಬೆನ್ನು ದಿಂಬಿಗೆ ಸೇರಿತು. ಮಡಚದ ಆ ಬಲಗಾಲು ನೆಟ್ಟಗೆ ಚಾಚಿತು, ಹಿಮ್ಮಡಿ ಮೆತ್ತೆಯ ನಟ್ಟನಡುವೆ ಹೋಗಿ ಕೂತಿತು. ಎಡಕ್ಕೆ ಬಿದ್ದ ಅವಳ ಭಾರಕ್ಕೆ ಬಲಚೀಲದ ಕಲ್ಲು ಸರಿದೂಗಿತು. ಸಲಾಮಿಗೆ ಕೈ ಎತ್ತಿದ್ದ ಜವಾನ ಇಳಿಸಬೇಕೋ ಬೇಡವೋ ತಿಳಿಯದೆ, ಪೂರ್ತಿ ಸಲಾಮನ್ನೇ ಹೊಡೆದುಬಿಟ್ಟ.

ಗಂಟುಮೂಟೆಯ ಜೊತೆ ಎತ್ತಿನ ಗಾಡಿಯಲ್ಲಿ ಹೇರಾಗಿ ಹೋದವನು ನಾನು! ಮುಂಚೆಯೇ ಹೊರಟಿದ್ದ ಗಾಡಿಯನ್ನು ಸೈಕಲ್ ತುಳಿದು ಮಕ್ತಲದ ಆಚೆ ಹಿಡಿದೆ. ಕೃಷ್ಣೆಯ ದಂಡೆಯಲ್ಲಿ ಎಲ್ಲರೂ ಕೂಡಿದೆವು. ಹರಿಗೋಲಿನವನು ಫಟಫಟಿಯ ಸುತ್ತ ತಿರುಗಿ, “ಇದಿ ಬಂಡಿನಾ, ಗುರ್ರಮಾ?” ಎಂದ. ಬಂಡಿಯೋ ಕುದುರೆಯೋ ಎಂಬುದು ಅವನ ಗೊಂದಲ. “ಪಲ್ಲಕ್ಕಿ” ಎಂದರು ಕಾಕಾ. ಆಚೆ ದಂಡೆಯಿಂದ ನಾನು ಟಾಂಗಾ ಹತ್ತಿದೆ. ಕಾಕಾ ಎಷ್ಟು ಮೆಲ್ಲಗೆ ಹೊಡೆಯುತ್ತಿದ್ದರೆಂದರೆ, ನಮ್ಮ ಮುದಿ ಕುದುರೆಗೂ ಅವರನ್ನು ದಾಟುವ ಆಸೆ ಬಂತು.

ಗದ್ವಾಲದ ಓಣಿಯಲ್ಲಿ ಮಗ್ಗದ ಸದ್ದುಗಳು ಒಂದೊಂದಾಗಿ ನಿಂತವು. ಅವತ್ತು ಗಾಡಿಯೊಳಗೆ ಇಣುಕಿದ್ದ ಹೆಂಗಸರೇ ಈಗ ಕತ್ತೆತ್ತಿ ನೋಡಬೇಕಾಯಿತು. ಬಾಗಿಲಲ್ಲಿ ಮುದುಕಿ ಗೋಡೆ ಹಿಡಿದು ನಿಂತಿದ್ದಳು.

“ಯಾರ ಸವಾರಿ ಬಂತಪಾ?”

ಕಾಕಾ ಚಿಗವ್ವನ ಕಡೆ ತಿರುಗಿದರು.

“ನಂದ, ಯವ್ವಾ,” ಎಂದಳು ಚಿಗವ್ವ.

ಮುದುಕಿ ತಡವರಿಸುತ್ತ ಬಂದಳು. ಅವಳ ಕೈಗೆ ಮೊದಲು ಸಿಕ್ಕದ್ದು ಮುಖವಲ್ಲ, ಮೆತ್ತೆಯ ಮೇಲಿನ ಪಾದ. ಅಲ್ಲಿಂದ ಮೊಣಕಾಲು, ದಿಂಬು, ಭುಜ, ಎಲ್ಲ ಸವರುತ್ತ ಮೇಲೆ ಬಂದು ಮಗಳ ಮುಖವನ್ನು ಕಣ್ಣಿನ ಹತ್ತಿರ ಹಿಡಿದಳು.

“ಕುಂತು ಬಂದೀಯೇನ, ಮಗಳ?”

“ಕುಂತ ಬಂದೀನವ್ವಾ.”

ಒಳಗಿನಿಂದ ಯಾರೋ, “ಅಳಿಯಂದ್ರೇ, ಬರ್ರಿ, ಕೈಕಾಲು ತೊಳಕೋರಿ” ಎಂದು ಕರೆದರು. ಕಾಕಾ ಕದಲಲಿಲ್ಲ. ಅಲ್ಲಿ ಒರಗಿಸಲು ಕಟ್ಟೆ ಇರಲಿಲ್ಲ. ಅವರು ಕೈ ಬಿಟ್ಟರೆ ಫಟಫಟಿ ವಾಲುತ್ತಿತ್ತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಮುಖ ಆಚೆ ತಿರುಗಿಸಿ ನಿಂತೇ ಇದ್ದರು.

“ಬರ್ತೀನ್ರಿ,” ಎಂದರು ಮೆಲ್ಲಗೆ. “ಅವರ ಮಾತು ಮುಗೀಲಿ.”