ಭಾವನ ಮುಳುಗಿದ ಹಡಗು

ನಮ್ಮ ಭಾವನಿಗೆ ಇಬ್ಬರು ಹೆಂಡತಿಯರು! ಗಾಬರಿಯಾಗಬೇಡಿ. ಒಬ್ಬಳು ನಮ್ಮಕ್ಕ, ಜರ್ಮನಿಯ ಗಾರ್ಕಿಂಗ್‌ನ ಫ್ಲಾಟಿನಲ್ಲಿದ್ದಾಳೆ. ಇನ್ನೊಬ್ಬಳು ಬೋಡನ್‌ಜೇ ಸರೋವರದ ತಳದಲ್ಲಿ ಕೆಸರು ಹೊದ್ದು ಮಲಗಿದ್ದಾಳೆ. ಶತಮಾನಗಳ ಹಿಂದೆ ಮುಳುಗಿದ ಮರದ ಸರಕು ಹಡಗು ಅದು. ಶನಿವಾರ ಬಂತೆಂದರೆ ಭಾವ ರೈಲು ಹತ್ತಿ ಎರಡನೆಯವಳ ಊರಿಗೆ ಹೊರಟರೆಂದೇ ಅರ್ಥ.

ಊರಿಂದ ಬಂದ ನೆಂಟರಿಗೆ ಎಲ್ಲರೂ ಅರಮನೆ ತೋರಿಸುತ್ತಾರೆ. ನಮ್ಮ ಭಾವ ನೀರು ತೋರಿಸುತ್ತಾರೆ. ಮೈಸೂರಿನಿಂದ ಬಂದ ನಮ್ಮತ್ತೆಯನ್ನು ದಡದಲ್ಲಿ ನಿಲ್ಲಿಸಿ, "ಅಗೊ, ಅಲ್ಲಿ! ಅದರ ಕೆಳಗೆ ಉಂಟು" ಎಂದು ಬೆರಳು ಚಾಚಿದರು. ಅತ್ತೆ ಕನ್ನಡಕ ಒರೆಸಿ ಒರೆಸಿ ನೋಡಿ, "ನಮ್ಮ ಕುಕ್ಕರಹಳ್ಳಿ ಕೆರೇಲೂ ಹೀಗೇ ಏನೂ ಕಾಣಲ್ಲಪ್ಪ" ಎಂದರು!

ತಟ್ಟೆಗೆ ದೋಸೆ ಬಿದ್ದರೂ ಅದೇ ಕತೆ. ದೋಸೆಯ ಅಂಚು ಮೇಲೆತ್ತಿ, "ನೋಡು ಮಾರಾಯ್ತಿ, ತಳ ಹೀಗೆ ಚಪ್ಪಟೆ. ಒಂದೇ ಹಾಯಿ. ಧಾನ್ಯ, ಉಪ್ಪು ತುಂಬಿಸಿ ಸ್ವಿಸ್ ದಡಕ್ಕೆ ಹೋಗುದು. ಗಾಳಿ ಇಲ್ಲದಿದ್ದರೆ ಹುಟ್ಟು ಹಾಕುದು" ಎಂದು ನನಗೆ ಪಾಠ ಶುರು. ಅವರ ಮಗಳು "ಓ ನೈನ್, ಪಾಪಾ! ಮತ್ತೆ ಬೇಡ!" ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾಳೆ. ಅಕ್ಕನದು ಒಂದೇ ಮಾತು: "ರೀ, ಹಡಗು ತಣ್ಣಗಾಗ್ತಿದೆ, ತಿನ್ನಿ!"

ಇಷ್ಟೆಲ್ಲ ಮಾತಾಡುವ ಮನುಷ್ಯ ದೋಣಿ ಹತ್ತುತ್ತಾರೋ? ಇಲ್ಲವೇ ಇಲ್ಲ! ನಾವು ಫೆರಿಯಲ್ಲಿ ಆಚೆ ದಡ ಸೇರಿ ಐಸ್‌ಕ್ರೀಮ್ ತಿಂದು, ಕೈ ತೊಳೆದು, ಆಕಳಿಸುವ ಹೊತ್ತಿಗೆ ಭಾವ ಬಸ್ಸಿನಲ್ಲಿ ಸರೋವರ ಸುತ್ತಿಕೊಂಡು ಬರುತ್ತಾರೆ. ಕಾರಣ ಮನೆಯವರಿಗೆಲ್ಲ ಗೊತ್ತು. ಅವರಪ್ಪ ಮಂಗಳೂರಿನ ಬಂದರಿನಿಂದ ಲಕ್ಷದ್ವೀಪಕ್ಕೆ ಈರುಳ್ಳಿ, ಹೆಂಚು ಸಾಗಿಸುವ ಮರದ ಹಡಗಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಅದನ್ನು ಮಂಜಿ ಅನ್ನುತ್ತಾರೆ. ಒಂದು ಸಲ ಹೋದ ಮಂಜಿ ತಿರುಗಿ ಬರಲಿಲ್ಲ. ಹಲಗೆಯ ಚೂರೂ ಸಿಗಲಿಲ್ಲ. ಭಾವ ಆಗ ಇನ್ನೂ ಚಿಕ್ಕವರು. ಅಂದಿನಿಂದ ದೋಣಿಗೆ ಕಾಲಿಟ್ಟವರಲ್ಲ.

ಈ ಬೇಸಿಗೆಯಲ್ಲಿ ಡೈವರ್‌ಗಳು ನೀರಿಗೆ ಕ್ಯಾಮೆರಾ ಇಳಿಸಿ ಆ ಹಡಗನ್ನು ಜನರಿಗೆ ತೋರಿಸುತ್ತಾರೆಂದು ಗೊತ್ತಾಯಿತು. ಆದರೆ ದೋಣಿಯಲ್ಲೇ ಹೋಗಬೇಕು! "ನನ್ನಿಂದ ಆಗುದಿಲ್ಲ" ಎಂದರು ಭಾವ. ಅಕ್ಕ ಸದ್ದಿಲ್ಲದೆ ನಮಗೆಲ್ಲ ಟಿಕೆಟ್ ತೆಗೆದಳು. ಆ ದಿನ ಮಹಾಶಯರು ಲೈಫ್ ಜಾಕೆಟನ್ನು ರೈಲಿನಲ್ಲೇ ಹಾಕಿಕೊಂಡು ಕೂತಿದ್ದರು! ಟಿಕೆಟ್ ನೋಡಲು ಬಂದವನು ನೀರೇನಾದರೂ ಬಂತೇ ಎಂದು ಒಮ್ಮೆ ಕಿಟಕಿಯಾಚೆ ಇಣುಕಿ ಮುಂದೆ ಹೋದ. ಭಾವ ದಡದಲ್ಲಿ ಬಹಳ ಹೊತ್ತು ನಿಂತರು. ಕೊನೆಗೆ ಅಕ್ಕನ ಕೈ ಹಿಡಿದು, ಕಣ್ಣು ಮುಚ್ಚಿ, ಹತ್ತೇಬಿಟ್ಟರು.

ದೋಣಿಯಲ್ಲಿದ್ದ ಪರದೆಯ ಮೇಲೆ ಕಪ್ಪು ಹಲಗೆಗಳು ಒಂದೊಂದಾಗಿ ಕಂಡವು. ಭಾವ ಚೀಲದಿಂದ ತೆಂಗಿನಕಾಯಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ನೀರಿನ ಕಡೆ ಬಾಗಿದರು. ದೋಣಿ ನಡೆಸುತ್ತಿದ್ದ ಹೆಂಗಸು ಹೌಹಾರಿದಳು. "ನೈನ್, ನೈನ್! ಇದು ಕುಡಿಯುವ ನೀರು! ಯಾಕೆ ಹಾಕುತ್ತೀರಿ?"

"ನಮ್ಮ ಕಡಲಕರೆಯಲ್ಲಿ ಇದು ಕ್ರಮ," ಎಂದು ಭಾವ ತಮ್ಮ ಹರಕುಮುರುಕು ಜರ್ಮನ್‌ನಲ್ಲಿ ಹೇಳಿದರು. "ಇದರೊಟ್ಟಿಗೆ ಮುಳುಗಿದವರಿಗೆ."

"ಮುಳುಗಿದ್ದು ಹಡಗು," ಎಂದಳು ಆಕೆ. "ಮನುಷ್ಯರ ಕುರುಹು ಏನೂ ಸಿಕ್ಕಿಲ್ಲ. ಈಜಿ ದಡ ಸೇರಿರಬಹುದು."

ಹಡಗಿನ ವಿಷಯದಲ್ಲಿ ಯಾರು ಊಹೆ ಹೇಳಿದರೂ ಆಧಾರ ಕೇಳಿ ಸುಸ್ತು ಮಾಡುವ ಭಾವ ಅವಳನ್ನು ಏನೂ ಕೇಳಲಿಲ್ಲ. ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ ಅಕ್ಕನ ಮುಖ ನೋಡಿ, ತೀರಾ ಸಣ್ಣ ದನಿಯಲ್ಲಿ, "ಹೌದಾ ಮಾರಾಯ್ತಿ? ಸೇರಿರಬಹುದಾ?" ಎಂದರು.

ನನಗೆ ಅಳು ತಡೆಯಲಾಗಲಿಲ್ಲ.

"ಸೇರಿರ್ತಾರೆ ರೀ," ಎಂದಳು ಅಕ್ಕ. "ಮನೇಲಿ ಮಗು ಕಾಯ್ತಿರತ್ತೆ ಅಂತ ಅವರಿಗೆ ಗೊತ್ತಿರಲ್ವಾ?"