ಹಗ್ಗದ ಪವರ್ ಸ್ಟೀರಿಂಗ್

ಚಳಿ ಬಿಟ್ಟು ಬಿಸಿಲು ಇನ್ನೂ ಸರಿಯಾಗಿ ಕಾಲೂರಿರದ ದಿನಗಳು. ಗುರುವಾರ, ಬೆಳಗ್ಗೆ ಏಳು ಗಂಟೆ. ಕನ್ನಡಕದ ಅಂಗಡಿಯವನು ಕಾರು ಶುರು ಮಾಡಿದ ಕೂಡಲೇ ಬಾನೆಟ್ಟಿನೊಳಗೆ ಒಂದು ಬೆಲ್ಟು ಪಟ್ಟೆಂದು ಕಿತ್ತುಹೋಯಿತು. ಎಂಜಿನ್ ಏನೂ ಆಗದ ಹಾಗೆ ಗುರುಗುಟ್ಟುತ್ತಲೇ ಇತ್ತು. ಸ್ಟೀರಿಂಗ್ ಮಾತ್ರ ಮುನಿಸಿಕೊಂಡ ಎಮ್ಮೆಯ ಕತ್ತಿನ ಹಾಗೆ ಬಿಗಿದುಕೊಂಡಿತು.

ಅಂದು ಅವನು ಭಾವನನ್ನು ರೈಲು ಹತ್ತಿಸಬೇಕಿತ್ತು. ಹೆಂಡತಿಯ ಅಣ್ಣ ಎರಡು ದಿನಕ್ಕೆಂದು ಬಂದು ಐದು ತಿಂಗಳಾಗಿತ್ತು. ದಿನಾ ಅಂಗಡಿಯಲ್ಲಿ ಕೂತು, ಬಂದ ಗಿರಾಕಿಗಳಿಗೆಲ್ಲ "ನಿಮ್ಮ ಕಣ್ಣು ಚೆನ್ನಾಗೇ ಇದೆ, ಮನೆಗೆ ಹೋಗಿ" ಎಂದು ಹೇಳಿ ಕಳಿಸುತ್ತಿದ್ದ. ಅವನ ಊರಿಗೆ ವಾರಕ್ಕೊಂದೇ ರೈಲು, ಒಂಬತ್ತಕ್ಕೆ. ಬಾಡಿಗೆ ಗಾಡಿಯವರದು ಅಂದು ಮುಷ್ಕರ. ಭಾವನ ಕಾಲು ಬೇರೆ ಬಾತಿತ್ತು.

"ಇವತ್ತು ತಪ್ಪಿದ್ರೆ ಅಂಗಡೀಲಿ ನನಗೂ ಒಂದು ಮೇಜು ಹಾಕಿಬಿಡಪ್ಪ," ಎಂದ ಭಾವ, ಹಿಂದಿನ ಸೀಟಿನಿಂದ.

ಎದುರುಮನೆಯ ನಿವೃತ್ತ ಮೇಷ್ಟ್ರು ಹಲ್ಲುಜ್ಜುತ್ತಲೇ ಬಂದು ಬಾನೆಟ್ಟಿನೊಳಗೆ ಇಣುಕಿದರು. ಬೇಕರಿಯವನೂ ಕ್ಷೌರಿಕನೂ ತಮ್ಮ ಅಂಗಡಿ ಬಿಟ್ಟು ಬಂದರು.

"ಎಂಜಿನ್ನು ಈ ಬೆಲ್ಟಿಂದ ಪಂಪು ತಿರುಗಿಸುತ್ತೆ," ಎಂದರು ಮೇಷ್ಟ್ರು. "ಪಂಪು ಎಣ್ಣೆಗೆ ಒತ್ತಡ ಕೊಡುತ್ತೆ. ನೀನು ಸ್ಟೀರಿಂಗ್ ಒಂಚೂರು ತಿರುಗಿಸಿದ್ರೆ ವಾಲ್ವು ಎಣ್ಣೇನ ಆ ಕಡೆಗೆ ಬಿಡುತ್ತೆ. ಎಣ್ಣೆ ಪಿಸ್ಟನ್ನನ್ನ ತಳ್ಳುತ್ತೆ, ಚಕ್ರ ತಿರುಗುತ್ತೆ. ನೀನು ಸೂಚನೆ ಕೊಡೋನು ಅಷ್ಟೆ. ಮೈಮುರಿದು ದುಡಿಯೋದು ಎಣ್ಣೆ."

"ನಮ್ಮನೇಲೂ ಹಾಗೇ," ಎಂದ ಬೇಕರಿಯವನು. "ಸೂಚನೆ ಹೆಂಡ್ತೀದು, ಎಣ್ಣೆ ನಾನು."

ಮೇಷ್ಟ್ರು ಅವನನ್ನೇ ಒಂದು ಗಳಿಗೆ ನೋಡಿದರು. ಹತ್ತು ನಿಮಿಷದಲ್ಲಿ ಸ್ಟೀರಿಂಗಿನ ನೆತ್ತಿಗೆ ಎರಡು ಹಗ್ಗ ಬಿಗಿದು, ಒಂದನ್ನು ಎಡ ಕಿಟಕಿಯಿಂದ, ಇನ್ನೊಂದನ್ನು ಬಲ ಕಿಟಕಿಯಿಂದ ಹೊರಗೆಳೆದಾಯಿತು. ಎಡಹಗ್ಗ ಬೇಕರಿಯವನಿಗೆ, ಬಲಹಗ್ಗ ಕ್ಷೌರಿಕನಿಗೆ. ಅವರಿಬ್ಬರು ಎಣ್ಣೆ. ಮೇಷ್ಟ್ರು ವಾಲ್ವು: ಕಾರಿನ ಮುಂದೆ ನಡೆಯುತ್ತ, ಯಾರು ಎಳೆಯಬೇಕೆಂದು ಕೈ ತೋರಿಸುವುದು. ಪಂಪಿನ ಕೆಲಸಕ್ಕೆ ಹೆಂಡತಿ ತಾನಾಗಿಯೇ ನಿಂತಳು. ಕಾರಿನ ಹಿಂದಿನಿಂದ "ಎಳೀರಿ, ನಿಮ್ಮ ಕೈಗೇನು ಬಂದಿದೆ" ಎಂದು ಒತ್ತಡ ಕೊಡತೊಡಗಿದಳು.

ಮೆರವಣಿಗೆ ಹೊರಟಿತು. ಮೊದಲ ತಿರುವು ಬಲಕ್ಕೆ. ಎರಡನೆಯದೂ ಬಲಕ್ಕೆ. ದೊಡ್ಡ ವೃತ್ತದಲ್ಲಿ ಮೇಷ್ಟ್ರು ಮತ್ತೆ ಬಲಗೈ ಎತ್ತಿದಾಗ ಬೇಕರಿಯವನು ಮುಖ ಊದಿಸಿಕೊಂಡ.

"ಎಲ್ಲಾ ಅವನೇ ಎಳೆಯೋದಾದ್ರೆ ನನ್ನ ಯಾಕೆ ಕರ್ಕೊಂಡು ಬಂದ್ರಿ?"

"ದಾರಿ ಇರೋದೇ ಹಾಗಲ್ವೇನೋ," ಎಂದ ಕ್ಷೌರಿಕ.

"ದಾರಿ ನಿನ್ನ ಕಡೆ ಸೇರ್ಕೊಂಡಿದೆ ಅನ್ನು." ಬೇಕರಿಯವನು ತನ್ನ ಹಗ್ಗವನ್ನು ಜಗ್ಗಿ ಹಿಡಿದ. ಬಲಕ್ಕೆ ತಿರುಗಿದ್ದ ಸ್ಟೀರಿಂಗ್ ಅರ್ಧಕ್ಕೇ ಸಿಕ್ಕಿಕೊಂಡು ಕಾರು ವೃತ್ತವನ್ನು ಮೂರು ಸುತ್ತು ಹಾಕಿತು. ನಡುವೆ ನಿಂತಿದ್ದ ಪೊಲೀಸಿನವನ ತಲೆ ಗಾಣದ ಹಾಗೆ ತಿರುಗಿತು.

"ಗಾಡಿ ಓಡಿಸ್ತಿರೋರು ಯಾರು?" ಎಂದು ಅವನು ಕೇಳಿದ.

ಐವರೂ ಕೈ ಎತ್ತಿದರು. ಹಗ್ಗ ಸಡಿಲವಾದದ್ದೇ ಕಾರು ನೆಟ್ಟಗೆ ಹೊರಟಿತು. ಅದೃಷ್ಟಕ್ಕೆ ಅದೇ ನಿಲ್ದಾಣದ ರಸ್ತೆ. ಪೊಲೀಸಿನವನು ಬರೆಯಲು ಪೆನ್ನು ತೆಗೆದವನು, ಏನು ಬರೆಯುವುದೆಂದು ತಿಳಿಯದೆ ಮತ್ತೆ ಜೇಬಿಗಿಟ್ಟ.

ಒಂಬತ್ತಕ್ಕೆ ಐದು ನಿಮಿಷವಿತ್ತು. ಮೇಷ್ಟ್ರು, ಬೇಕರಿಯವನು, ಕ್ಷೌರಿಕ ಭಾವನ ಮೂರು ಪೆಟ್ಟಿಗೆ ಹೊತ್ತು ಓಡಿದರು. ಅಣ್ಣನಿಗೆ ಸೀಟು ಹಿಡಿಯಲು ಹೆಂಡತಿ ಅವರಿಗಿಂತ ಮುಂದೆ ಓಡಿದಳು. ಭಾವ ಕುಂಟುತ್ತ ಹಿಂದೆ ಹೋದ. ಕನ್ನಡಕದವನು ಕಾರಿನಲ್ಲೇ ಕೂತು, ಐದು ತಿಂಗಳಲ್ಲಿ ಮೊದಲ ಸಲ ಕಾಲು ಚಾಚಿದ. ರೈಲಿನ ಸಿಳ್ಳೆ ಕೇಳಿದಾಗ ಕಣ್ಣು ಮುಚ್ಚಿ ನಕ್ಕ.

ಕಣ್ಣು ತೆರೆದಾಗ ಪಕ್ಕದ ಬಾಗಿಲು ತೆಗೆದು ಭಾವ ಒಳಗೆ ಕೂರುತ್ತಿದ್ದ.

"ಭಾವ, ರೈಲು..."

"ಹೋಯ್ತು. ಪೆಟ್ಟಿಗೆ ಉದ್ದಕ್ಕಿಡೋದೋ ಅಡ್ಡಕ್ಕಿಡೋದೋ ಅಂತ ನಾಲ್ಕೂ ಜನ ಬಾಗಿಲಲ್ಲೇ ಜಗಳ. ನನಗೆ ಹತ್ತೋಕೆ ಜಾಗ ಎಲ್ಲಿತ್ತು? ವಾದ ಮುಗಿಯೋದರೊಳಗೆ ರೈಲೇ ಹೊರಟುಬಿಡ್ತು." ಭಾವ ಎಡಹಗ್ಗವನ್ನು ಕೈಗೆ ಸುತ್ತಿಕೊಂಡ. "ನೀನೇನೂ ಯೋಚನೆ ಮಾಡಬೇಡ. ನಾನಿದ್ದೀನಲ್ಲ. ನಡಿ, ಅಂಗಡಿ ತೆಗೆಯೋ ಹೊತ್ತಾಯ್ತು."

ಆ ಗುರುವಾರ ಊರು ಬಿಟ್ಟು ಹೋದವರು ಮೇಷ್ಟ್ರು, ಬೇಕರಿಯವನು, ಕ್ಷೌರಿಕ ಮತ್ತು ಕನ್ನಡಕದವನ ಹೆಂಡತಿ.